ಒನಕೆ ದೋಣಿಯ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಬಲಗಾಲಿನ ಹರಡಿನ ಸುತ್ತ ಎರಡು ಬೆರಳಗಲದ ಬಿಳಿ ಪಟ್ಟಿಯೊಂದಿತ್ತು. ಮಿಕ್ಕ ಕಾಲೆಲ್ಲ ಉಪ್ಪುಗಾಳಿಗೂ ಬಿಸಿಲಿಗೂ ಬೆಂದು ಸೀದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ಜಾಗ ಮಾತ್ರ ಕೂದಲೇ ಇಲ್ಲದೆ, ಎಳೆಗೂಸಿನ ಚರ್ಮದಷ್ಟು ನುಣ್ಣಗಿತ್ತು. ಪಂಚೆ ಎತ್ತಿ ಕಟ್ಟಿ ಜಗಲಿಯ ಮೇಲೆ ಕೂತಾಗ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತಿದ್ದುದು ಅದೇ. ನಮ್ಮ ಕಡೆ ಅಂಥ ಗುರುತು ಇರುವುದು ಒದೆಯುವ ಹಸುವಿನ ಕಾಲಿಗೆ. ಕಡಲ ಕಡೆಯ ಯಾರೋ ತನ್ನ ಮಗನನ್ನು ಗೂಟಕ್ಕೆ ಕಟ್ಟಿ ದುಡಿಸಿಕೊಂಡಿದ್ದಾರೆ ಎಂದು ನಮ್ಮಜ್ಜಿ ಸಾಯುವ ತನಕ ನಂಬಿದ್ದಳು.

ಅದು ದೋಣಿಯ ಹಗ್ಗದ ಗುರುತು. ಚಿಕ್ಕಪ್ಪ ಮದುಗಿರಿಯ ಬೆಟ್ಟ ಬಿಟ್ಟರೆ ಬೇರೇನೂ ನೋಡದ ವಯಸ್ಸಿನಲ್ಲಿ ಕರಾವಳಿಗೆ ಹೋಗಿ, ಕರಾವಳಿ ಪೊಲೀಸರ ಕಾವಲು ದೋಣಿಯಲ್ಲಿ ಕೆಲಸಕ್ಕೆ ಸೇರಿದವನು. ರಜೆಯ ದಿನ ಅಲ್ಲಿನ ಕೆಲವರು ಸರ್ಫ್ ಸ್ಕೀ ಅನ್ನುವ ದೋಣಿ ಹಾಕಿಕೊಂಡು ಅಲೆಯ ಮೇಲೆ ಹೋಗುತ್ತಿದ್ದರಂತೆ. ಇವನೂ ಅದಕ್ಕೆ ಬಿದ್ದ. ನಿವೃತ್ತಿಯಾಗಿ ಬರುವಾಗ, ಯಾರೋ ಒಡೆದುಹೋಯಿತೆಂದು ಬಿಟ್ಟಿದ್ದ ಒಂದನ್ನು ಬಿಟ್ಟಿಯಾಗಿ ತಂದ. ಶಿರಾದ ತನಕ ಮೀನಿನ ಲಾರಿಯ ಮೇಲೆ, ಅಲ್ಲಿಂದ ಬಡವನಹಳ್ಳಿ ದಾಟಿ ನಮ್ಮೂರಿಗೆ ಕಡಲೆಕಾಯಿ ಟ್ರ್ಯಾಕ್ಟರಿನಲ್ಲಿ ಅದು ಬಂತು. ಉದ್ದ ಎರಡು ಗಾಡಿಯಷ್ಟು, ಅಗಲ ಒಂದು ಮೊರದಷ್ಟು. ಒಳಗೆ ಇಳಿಯುವಂತಿಲ್ಲ, ಮೇಲೆ ಕೂರಲು ಒಂದು ಗುಣಿ, ಹಿಂದೆ ಕಾಲಿನಿಂದ ತಿರುಗಿಸುವ ಚುಕ್ಕಾಣಿ. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಮುರಿದುಬಿತ್ತೇನೋ ಎಂದು ಊರಿನವರು ಓಡಿಬಂದರು. ದೋಣಿ ಎಂದರೆ ಯಾರೂ ಒಪ್ಪಲಿಲ್ಲ. ಕೊನೆಗೆ ಒನಕೆ ದೋಣಿ ಎಂದು ಹೆಸರಿಟ್ಟರು.

ಅದಕ್ಕೆ ನೀರು ಬೇಕಲ್ಲ. ಆ ವರ್ಷದ ಹಿಂಗಾರು ನಮ್ಮ ಕೆರೆಯನ್ನು ಕೋಡಿ ಹರಿಸಿತು. ನಾನು ಹುಟ್ಟಿದಾಗಿನಿಂದ ಜಾಲಿ ಬೆಳೆದುಕೊಂಡಿದ್ದ ಬಯಲು ಒಂದೇ ವಾರದಲ್ಲಿ ಆಚೆದಡ ಕಣ್ಣಿಗೆ ಹತ್ತದ ನೀರಾಯಿತು. ಎಲ್ಲರಿಗೂ ಹಬ್ಬ, ನನಗೆ ಹೆದರಿಕೆ. ನೀರು ಕಂಡರೆ ಸುತ್ತಿ ಬೇರೆ ದಾರಿ ಹಿಡಿಯುತ್ತಿದ್ದೆ. ಚಿಕ್ಕಪ್ಪನಿಗೂ ಹೆದರಿಕೆ ಎಂದು ಗೊತ್ತಾದಾಗ ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟೇ ಆಶ್ಚರ್ಯವೂ ಆಯಿತು.

ಅವನು ಹೆದರದ ವಸ್ತು ಲೋಕದಲ್ಲಿ ಇರಲಿಲ್ಲ. ರಸ್ತೆ ದಾಟುವ ಮೊದಲು ಖಾಲಿ ರಸ್ತೆಯ ಎರಡೂ ಕಡೆ ನೋಡಿ, ಮತ್ತೆ ನೋಡಿ, ನಮ್ಮ ಕೈ ಹಿಡಿದುಕೊಳ್ಳುತ್ತಿದ್ದ. ಹಾಲಿನ ಡೈರಿಯ ತನಕ ನನ್ನ ಮೊಪೆಡ್ಡಿನ ಹಿಂದೆ ಕೂರುವುದಕ್ಕೂ ಹೆಲ್ಮೆಟ್ ಬೇಕು. ಚಿಕ್ಕಮ್ಮ ಕುಕ್ಕರ್ ಇಟ್ಟರೆ ಅಡುಗೆಮನೆಯಿಂದ ಆಚೆಗೆ ಹೋಗಿ ನಿಲ್ಲುತ್ತಿದ್ದ. ಊರಿನವರು ಅವನಿಗೆ ಪುಕ್ಕಲು ಪೊಲೀಸ್ ಎಂದು ಹೆಸರಿಟ್ಟು, ಎದುರಿಗೇ ಕರೆಯುತ್ತಿದ್ದರು. ಅವನು ತಿರುಗಿ ನೋಡಿ, ಹೌದು ಹೇಳಪ್ಪ, ಅನ್ನುತ್ತಿದ್ದ. ಬೇಜಾರಿಲ್ಲ, ಸಿಟ್ಟಿಲ್ಲ. ಈ ಮನುಷ್ಯ ಆ ಮೊರದಗಲದ ದೋಣಿಯ ಮೇಲೆ ಕೂತು ಬೆಳಗಿನ ನೀರಿನಲ್ಲಿ ಸುಮ್ಮನೆ ಸರಿದು ಹೋಗುವಾಗ, ದಡದಲ್ಲಿ ನಿಂತ ನನಗೆ ನಂಬಿಕೆ ಬರುತ್ತಿರಲಿಲ್ಲ.

ನೀರಿಗಿಳಿಯುವ ಮೊದಲು ಅವನದೊಂದು ಪೂಜೆಯಿತ್ತು. ನಮ್ಮೂರ ಕಡೆಯ ದಡದಲ್ಲಿ ಒಂದು ಬಂಡೆ. ಅದರ ಮೇಲೆ ನಿಂತು ಒಂದು ಚಿಟಿಕೆ ಮಣ್ಣು ತೂರಿ ಗಾಳಿ ನೋಡುತ್ತಿದ್ದ. ಪಕ್ಕದ ಜಾಲಿ ಕೊಂಬೆಗೆ ಚಿಕ್ಕಮ್ಮನ ಹಳೆ ಸೀರೆಯ ಅಂಚು ಕಟ್ಟಿದ್ದ. ಅದು ಎಷ್ಟು ಬಡಿದುಕೊಳ್ಳುತ್ತದೆ ಎಂದು ನೋಡುತ್ತಿದ್ದ. ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟಿನ ಗುಂಡಿ ಒಂದೊಂದನ್ನೂ ಜಗ್ಗಿ ಪರೀಕ್ಷೆ. ಕೊರಳಿಗೆ ಸೀಟಿ. ಅದನ್ನು ಮದುವೆಮನೆಗೂ ಹಾಕಿಕೊಂಡು ಹೋಗುತ್ತಿದ್ದ. ಫೋನು ಪ್ಲಾಸ್ಟಿಕ್ ಚೀಲದೊಳಗೆ. ಚಿಕ್ಕಮ್ಮನಿಗೆ, ಹೋಗ್ತಾ ಇದ್ದೀನಿ, ಇಷ್ಟೊತ್ತಿಗೆ ಬರ್ತೀನಿ, ಬರದಿದ್ದರೆ ಯಾರಿಗೆ ಹೇಳಬೇಕು ಅನ್ನುವುದೆಲ್ಲ ವರದಿ. ಕಡೆಯಲ್ಲಿ ಹಗ್ಗ. ದೋಣಿಗೆ ಒಂದು ತುದಿ, ಬಲಗಾಲಿನ ಬಿಳಿ ಪಟ್ಟಿಗೆ ಇನ್ನೊಂದು. ಅಷ್ಟಾದ ಮೇಲೆ ನೀರನ್ನು ನೋಡುತ್ತ ತನ್ನನ್ನೇ ಕೇಳಿಕೊಳ್ಳುತ್ತಿದ್ದ: "ಬಿದ್ರೆ ಎಲ್ಲಿಗೋಯ್ತೀನಿ?"

ಉತ್ತರ ಸಿಗದೆ ಹೊರಡುತ್ತಿರಲಿಲ್ಲ. ಮೊದಲ ಆಷಾಢ ಬಂದಾಗ ಅವನಿಗೆ ಉತ್ತರ ಸಿಗದೇ ಹೋಯಿತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಹೆಂಚು ಹಾರುತ್ತದೆ, ಮಾತಾಡಿದರೆ ಬಾಯಿಗೆ ಮಣ್ಣು. ಕೆರೆ ತುಂಬಿದ್ದಾಗ ಆ ಗಾಳಿ ಏನು ಮಾಡುತ್ತದೆ ಎಂದು ನಮ್ಮ ತಲೆಮಾರು ನೋಡಿಯೇ ಇರಲಿಲ್ಲ. ಪಡುವಲಿಂದ ಬೀಸಿ, ನಮ್ಮ ಬಂಡೆಯಿಂದ ಆಚೆ ಏರಿಯ ತನಕ ನೀರನ್ನು ಉಳುಮೆ ಮಾಡಿದ ಹಾಗೆ ಎತ್ತಿ ಎತ್ತಿ ಹಾಕುತ್ತಿತ್ತು. ಏರಿಯ ಕಲ್ಲಿಗೆ ಅಲೆ ಬಡಿಯುವ ಸದ್ದು ಊರಿಗೆ ಕೇಳುತ್ತಿತ್ತು. ಚಿಕ್ಕಪ್ಪ ಆ ತಿಂಗಳು ನೀರಿಗಿಳಿಯಲಿಲ್ಲ. ಒಣಗಿದ ಸೋರೆ ಬುರುಡೆಗಳನ್ನು ಕೇಳಿ ತಂದು, ಕೆಂಪು ಬಣ್ಣ ಬಳಿದು, ಬಂಡೆಯ ಮೇಲಿಂದ ದಿನಾ ಒಂದೊಂದನ್ನು ನೀರಿಗೆ ಬಿಟ್ಟು, ಸೈಕಲ್ಲಿನಲ್ಲಿ ಕೆರೆ ಸುತ್ತಿ ಹೋಗಿ ಅದು ಎಲ್ಲಿ ದಡ ಸೇರಿತು ಎಂದು ಹುಡುಕಿದ. ಎಲ್ಲವೂ ಏರಿಯ ಮೂಲೆಯಲ್ಲಿರುವ ಹಳೆಯ ತೂಬಿನ ಹತ್ತಿರ, ಏರಿ ಹಿಂದಿನ ಊರಿನ ಹೆಂಗಸರು ಬಟ್ಟೆ ಒಗೆಯುವ ಮೆಟ್ಟಿಲ ಬಳಿ ಸಿಕ್ಕವು ಅಂದ. ನೀರು ಹೊಲಕ್ಕೆ ಹೋಗುವ ಆ ತೂಬಿನ ಎರಡು ಕಲ್ಲುಕಂಬದ ನಡುವೆ ಕೂತುಬಿಟ್ಟಿರುತ್ತಿದ್ದವಂತೆ. ಊರಿಗೇ ಅದೊಂದು ತಮಾಷೆಯಾಯಿತು. ಪುಕ್ಕಲು ಪೊಲೀಸ್ ಬುರುಡೆ ಬಿಡ್ತಾವ್ನೆ ಅಂದರು.

ನನಗೆ ಅವನು ದೋಣಿ ಕಲಿಸಿದ್ದು ಆ ಗಾಳಿ ನಿಂತ ಮೇಲೆ. ನಾನು ಕೊರಟಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಭಾನುವಾರ ಮನೆಯಲ್ಲಿರುತ್ತೇನೆ. ದೋಣಿ ಬೇಡ, ಹೆದರಿಕೆ ಎಂದೆ. ಅದಕ್ಕೇ ಕಣಮ್ಮ ನಿನ್ನನ್ನು ಕರೆದದ್ದು ಅಂದ. ಮೊದಲ ಎಷ್ಟೋ ವಾರ ಹುಟ್ಟನ್ನು ಕೈಗೇ ಕೊಡಲಿಲ್ಲ, ಬೀಳುವುದನ್ನು ಕಲಿಸಿದ. ಸೊಂಟದಾಳದ ನೀರಿನಲ್ಲಿ ಬೇಕೆಂದೇ ಉರುಳು, ದೋಣಿ ಹಿಡಿ, ಹೊಟ್ಟೆಯ ಮೇಲೆ ಅಡ್ಡ ಬೀಳು, ತಿರುಗಿ ಕೂರು. ಮತ್ತೆ ಉರುಳು. ಮೂಗಿನಲ್ಲೆಲ್ಲ ಕೆರೆ ನೀರು. ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿ ಕರೆದುಕೊಂಡು ಬರಲಿ ಅನ್ನುತ್ತಿದ್ದ. ಸುಸ್ತಾದವನಿಗೆ ಎದುರುಗಾಳಿ ಯಮ ಅನ್ನುತ್ತಿದ್ದ. ಪ್ರತಿ ಸಲ ಬಂಡೆಯಿಂದ ತಳ್ಳುವ ಮೊದಲು ಕೇಳುತ್ತಿದ್ದ: "ಹೆದ್ರಿಕೆ ಆಯ್ತದಾ?"

"ಆಯ್ತದೆ ಚಿಕ್ಕಪ್ಪ."

"ಹಂಗಾರೆ ಸರಿ, ಹೊರಡು."

ಒಂದು ಭಾನುವಾರ ನಾನು ಜಂಬದಲ್ಲಿ, ಇವತ್ತು ಹೆದರಿಕೆ ಇಲ್ಲ ಎಂದೆ. ಅವನು ನನ್ನ ಕಾಲಿನ ಹಗ್ಗ ಬಿಚ್ಚಿ, ದೋಣಿ ಹೊತ್ತುಕೊಂಡು ಮನೆಗೆ ನಡೆದ.

ನಮ್ಮೂರಿನಲ್ಲಿ ಈಜು ಬರದ ಗಂಡಸರಿಲ್ಲ. ಎಲ್ಲರೂ ಬಾವಿಯಲ್ಲಿ ಕಲಿತವರು. ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿ ತಳ್ಳಿದರೆ ಒಂದು ಬೇಸಿಗೆಯಲ್ಲಿ ಬರುತ್ತದೆ. ಬಾವಿ ಈಜಿಗೆ ಚಿಕ್ಕಪ್ಪ ಕೆಟ್ಟ ಭಯ ಪಡುತ್ತಿದ್ದ. ನಾಲ್ಕು ಸಲ ಕೈ ಬೀಸಿದರೆ ಬಾವಿಯಲ್ಲಿ ಗೋಡೆ ಸಿಗುತ್ತದೆ, ಆ ಅಭ್ಯಾಸ ಮೈಗೆ ಹತ್ತಿಬಿಟ್ಟರೆ ಗಾಬರಿಯಾದ ಕೂಡಲೇ ಕಣ್ಣು ಗೋಡೆ ಹುಡುಕುತ್ತದೆ ಅನ್ನುತ್ತಿದ್ದ. ಕಾವಲು ದೋಣಿಯಲ್ಲಿ ಅವನ ಜೊತೆಗಿದ್ದವನೊಬ್ಬ, ನಮ್ಮ ಸೀಮೆಯವನೇ, ಒಂದು ರಜೆಯ ದಿನ ಅಲೆಯಲ್ಲಿ ಮಗುಚಿಕೊಂಡನಂತೆ. ಇಬ್ಬರ ದೋಣಿಗಳ ನಡುವೆ ಕೂಗಿದರೆ ಕೇಳುವಷ್ಟೇ ದೂರ. ಅವನು ಹಗ್ಗ ಬಿಚ್ಚಿ ದಡದ ಕಡೆ ಈಜಿದ. ಖಾಲಿ ದೋಣಿ ಆಮೇಲೆ ತಾನಾಗಿ ಮರಳಿಗೆ ಬಂತು, ಅವನು ಬರಲಿಲ್ಲ. ಇದನ್ನು ಚಿಕ್ಕಪ್ಪ ನನಗೆ ಹೇಳಿದ್ದು ಒಂದೇ ಸಲ, ಹುಟ್ಟಿನ ಬಿರುಕಿಗೆ ಅಂಟು ಹಚ್ಚುತ್ತ, ತಲೆ ಎತ್ತದೆ. "ದಡ ಹತ್ರ ಕಾಣ್ತು ಅಂತ ಬುಟ್ಬುಟ್ಟ ಕಣಮ್ಮ," ಅಂದ.

ನನ್ನ ತಮ್ಮ ಬಾವಿ ಈಜಿನಲ್ಲಿ ಊರಿಗೇ ಹೆಸರುವಾಸಿ. ಪಾವಗಡದ ಸೋಲಾರ್ ಬಯಲಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಾಗ ಚಿಕ್ಕಪ್ಪನನ್ನು ರೇಗಿಸುವುದೇ ಅವನ ಊಟ. ಕಾಲಿಗೆ ಹಗ್ಗ ಕಟ್ಟಿಕೊಂಡು ಮೇಯಲು ಹೊರಟೆಯಾ ಅನ್ನುವನು. ಒಂದೆರಡು ಸಲ ದೋಣಿ ಹತ್ತಿ ನಿಂತ ನೀರಿನಲ್ಲಿ ಚೆನ್ನಾಗಿಯೇ ಓಡಿಸಿದ; ಬಿದ್ದು ಹತ್ತುವ ಪಾಠಕ್ಕೆ ಮಾತ್ರ ಕೂರಲಿಲ್ಲ. ಸೀಟಿ ಉದ್ದಕ್ಕೆ ಊದಿದರೆ ದೋಣಿ ಅಪ್ಪಿಕೋ ಎಂದರ್ಥ ಅನ್ನುವುದನ್ನೂ ತಮಾಷೆ ಮಾಡಿಕೊಂಡೇ ಕಲಿತ. ಕೆರೆ ತುಂಬಿದ ಎರಡನೆಯ ವರ್ಷದ ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಹುಡುಗಿ ಕೆರೆಯ ಆಚೆ, ಏರಿ ಹಿಂದಿನ ಊರಿನವಳು. ಎಲ್ಲರೂ ಅಕ್ಷತೆ ಹಾಕಿ ನೂರು ವರ್ಷ ಬಾಳಿ ಎಂದರೆ, ಕೊರಳಲ್ಲಿ ಸೀಟಿ ನೇತಾಡಿಸಿಕೊಂಡು ಬಂದ ಚಿಕ್ಕಪ್ಪ ಹೆಣ್ಣಿನ ಕಿವಿಯ ಹತ್ತಿರ ಬಗ್ಗಿದ. "ಇವನು ನೀರಿಗಿಳಿದ್ರೆ ಕಾಲಿಗೆ ಹಗ್ಗ ಕಟ್ಕೊಂಡವ್ನಾ ಅಂತ ಕೇಳು ಕಣಮ್ಮ," ಅಂದ. ಮಂಟಪವೆಲ್ಲ ನಕ್ಕಿತು. ಆ ಹುಡುಗಿ ನಗಲಿಲ್ಲ, ತಲೆ ಆಡಿಸಿದಳು.

ಆಷಾಢ ಬಂತು. ಹೊಸ ಮದುಮಗಳು ತವರಿಗೆ ಹೋದಳು. ಅತ್ತೆಯಾದವಳೂ ಅಳಿಯನೂ ಆ ತಿಂಗಳು ಒಂದೇ ಹೊಸಿಲು ದಾಟಬಾರದು ಎಂದು ನಮ್ಮ ಕಡೆ ಇವತ್ತಿಗೂ ನಡೆಸುತ್ತಾರೆ. ರಸ್ತೆಯಲ್ಲಿ ಹೋದರೆ ಬಸ್ಸಿನವನಿಂದ ಹಿಡಿದು ಡೈರಿಯವನ ತನಕ ನೋಡುತ್ತಾರೆ. ಹೆಂಡತಿಯ ಮೇಲೆ ಪ್ರಾಣವಿಟ್ಟುಕೊಂಡಿದ್ದ ನಮ್ಮ ತಮ್ಮನ ತಲೆಗೆ ಕೆರೆ ಹೊಳೆಯಿತು. ಮಧ್ಯಾಹ್ನದ ಹೊತ್ತು ಅವಳು ತೂಬಿನ ಮೆಟ್ಟಿಲಿಗೆ ಬಟ್ಟೆ ಒಗೆಯಲು ಬರುವುದು, ಇವನು ದೋಣಿಯಲ್ಲಿ ಹೋಗಿ, ಯಾರ ಹೊಸಿಲನ್ನೂ ತುಳಿಯದೆ, ಸ್ವಲ್ಪ ಹೊತ್ತು ಕೂತು ಬರುವುದು. ಫೋನಿನಲ್ಲೇ ಎಲ್ಲ ಗೊತ್ತುಮಾಡಿಕೊಂಡರು. ಬೇರೆ ಊರಿನ ಗಂಡು ಹೀಗೆ ಸಾಯಲು ಹೊರಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ಅಂದು ಭಾನುವಾರ. ನಾನೂ ಚಿಕ್ಕಪ್ಪನೂ ಜಗಲಿಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದೆವು. ಮೇಕೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು, ನಿಮ್ಮ ಒನಕೆ ನೀರಿಗೆ ಬಿತ್ತಲ್ಲಪ್ಪ, ನೀನಿಲ್ಲೇ ಕುಂತಿದ್ದೀಯ, ಅಂದಳು. ಚಿಕ್ಕಪ್ಪ ಎದ್ದ. ಮಡಿಲಲ್ಲಿದ್ದ ಬೀಜವೆಲ್ಲ ಚೆಲ್ಲಿತು. ನಾವು ಬಂಡೆಗೆ ಓಡಿದೆವು. ಸೀರೆಯಂಚು ಕೊಂಬೆಯಿಂದ ನೆಟ್ಟಗೆ ನಿಂತು ಪಟಪಟ ಬಡಿಯುತ್ತಿತ್ತು. ಅದರ ಕೆಳಗೆ ಕಿತ್ತಳೆ ಜಾಕೆಟ್ಟು ನೇತುಹಾಕಿತ್ತು. ಹೊಸ ಅಂಗಿ ಮುದುರುತ್ತದೆ ಎಂದು ತಮ್ಮ ಬಿಟ್ಟು ಹೋಗಿದ್ದ.

ನಡುಕೆರೆಯಲ್ಲಿ ಬಿಳಿ ಅಂಗಿ ಕಾಣುತ್ತಿತ್ತು. ಬೆನ್ನಿಗೆ ಗಾಳಿ, ಹೋಗುವುದು ಸುಲಭವಾಗಿಯೇ ಆಗಿರಬೇಕು. ಒಂದು ಅಲೆ ಹಿಂದಿನಿಂದ ಎತ್ತಿತು, ಮೂತಿ ಮುಂದಿನ ಅಲೆಗೆ ಚುಚ್ಚಿಕೊಂಡಿತು, ದೋಣಿ ಅಡ್ಡ ತಿರುಗಿತು. ಬಿಳಿ ಅಂಗಿ ಮಾಯವಾಯಿತು. ಮತ್ತೆ ತಲೆ ಕಂಡಿತು, ದೋಣಿ ಹಿಡಿದ, ಪಕ್ಕದಿಂದ ಹತ್ತಲು ಹೋದ, ದೋಣಿ ಉರುಳಿ ಅವನ ಮೇಲೆ ಬಂತು. ಮತ್ತೆ ಹತ್ತಿದ, ಮತ್ತೆ ಬಿದ್ದ. ಆಮೇಲೆ ಹತ್ತುವುದನ್ನು ನಿಲ್ಲಿಸಿ ಏರಿಯ ಕಡೆಗೆ ತಿರುಗಿದ. ಕಲ್ಲು ಕಟ್ಟಿದ ಏರಿ ನೀರಿನ ಮಟ್ಟದಿಂದ ನೋಡುವವನಿಗೆ ಎಷ್ಟು ಹತ್ತಿರ ಕಂಡಿತೋ. ಅದು ಅವನಿಗೆ ಬಾವಿಯ ಗೋಡೆ. ತಲೆ ಮುಳುಗಿಸಿ ಕಾಲಿನ ಕಡೆ ಬಗ್ಗಿದ.

"ಬಿಚ್ತಾವ್ನೆ," ಅಂದ ಚಿಕ್ಕಪ್ಪ. ಸೀಟಿಯನ್ನು ಬಾಯಿಗಿಟ್ಟುಕೊಂಡ, ಉಸಿರು ಬಂತು, ಸದ್ದು ಬರಲಿಲ್ಲ. ಕೊರಳಿಂದ ತೆಗೆದು ನನ್ನ ಕೈಗೆ ತುರುಕಿದ. "ನನ್ ಬಾಯಿ ಒಣಗೋಗದೆ. ನೀನು ಊದು. ಉದ್ದಕ್ಕೂದು."

ನಾನು ಊದಿದೆ. ಗಾಳಿ ನಮ್ಮಿಂದ ಅವನ ಕಡೆಗಿತ್ತು, ಅದೊಂದು ಪುಣ್ಯ. ಊದಿದೆ, ಕಿವಿ ಕಿವುಡಾಗುವ ಹಾಗೆ ಊದಿದೆ. ತಲೆ ಮೇಲೆ ಬಂತು. ನಮ್ಮ ಕಡೆ ತಿರುಗಿತು. ಚಿಕ್ಕಪ್ಪ ಎರಡೂ ತೋಳನ್ನು ಎದೆಗೆ ಅಪ್ಪಿಕೊಂಡು ಬಂಡೆಯ ತುದಿಯಲ್ಲಿ ನಿಂತ. ತೋಳು ಬಿಡಲಿಲ್ಲ. ಅಷ್ಟರಲ್ಲಿ ಊರಿನ ಇಬ್ಬರು ಗಂಡಾಳುಗಳು ಬಂದವರೇ ಅಂಗಿ ಕಳಚಿ ನೀರಿಗೆ ಹಾರಲು ನಿಂತರು. ಇಬ್ಬರೂ ತಮ್ಮನ ಜೊತೆ ಬಾವಿಯಲ್ಲಿ ಬೆಳೆದವರು. ಚಿಕ್ಕಪ್ಪ ಕೂತುಬಿಟ್ಟು ಒಬ್ಬನ ಕಾಲನ್ನು ಎರಡೂ ಕೈಯಿಂದ ಕಟ್ಟಿ ಹಿಡಿದ. ಅವನು ಬೈದ, ಕೊಡವಿದ. ನಮ್ಮೂರಿನ ಪುಕ್ಕಲು ಬಿಡಲಿಲ್ಲ.

"ಒಬ್ಬ ನೀರ್ನಾಗವ್ನೆ," ಅಂದ. "ಇನ್ನೊಬ್ಬನ್ನ ಹುಡುಕಕ್ಕೆ ನನ್ ಕೈಲಾಗಲ್ಲ ಕಣ್ಲಾ. ಕಾಲಿಗೆ ಬೀಳ್ತೀನಿ, ಇಳೀಬ್ಯಾಡ."

ಆಗಲೇ ಕಾಲು ಹಿಡಿದಾಗಿತ್ತು. ಅವನು ಇಳಿಯಲಿಲ್ಲ, ಅವನನ್ನು ನೋಡಿ ಇನ್ನೊಬ್ಬನೂ ಇಳಿಯಲಿಲ್ಲ. ದೂರದಲ್ಲಿ ತಮ್ಮ ದೋಣಿಯ ಮೇಲೆ ಎರಡೂ ತೋಳು ಹಾಕಿ ಅಪ್ಪಿಕೊಂಡಿದ್ದು ನನಗೆ ಕಂಡಿತು. ಊದುವುದನ್ನು ನಿಲ್ಲಿಸಿದರೆ ಬಿಟ್ಟುಬಿಡುತ್ತಾನೆ ಎಂದು ನಾನು ನಿಲ್ಲಿಸಲಿಲ್ಲ. ಚಿಕ್ಕಪ್ಪ ಫೋನು ತೆಗೆದು ತಮ್ಮನ ಹೆಂಡತಿಗೆ ಹಚ್ಚಿದ. ಅವಳು ಎಲ್ಲವನ್ನೂ ಏರಿಯ ಮೇಲಿಂದ ನೋಡುತ್ತಿದ್ದಳು. ಬಟ್ಟೆ ಒಗೆಯಲು ಬಂದಿದ್ದೆ ಎಂದು ಅವಳು ಅಳುವುದು ನನಗೂ ಕೇಳಿಸಿತು. ಚಿಕ್ಕಪ್ಪ ಅವಳಿಗೆ ಮಾತಾಡಿದ್ದು ಮಗುವಿಗೆ ತುತ್ತು ಕೊಡುವವರ ದನಿಯಲ್ಲಿ.

"ಅಮ್ಮಯ್ಯ, ನೀನು ನೀರಿಗಿಳೀಬ್ಯಾಡ. ತೂಬಿನ ತಾವ ಹೋಗು. ಒಗೆಯಕ್ಕೆ ತಂದಿರೋ ಸೀರೆಗಳ್ನ ಗಂಟಾಕ್ಕೊಂಡು ನಿಂತಿರು. ಅವನು ಅಲ್ಲಿಗೇ ಬತ್ತಾನೆ. ಕಂಬದ ಕಲ್ಲು ಕೈಗೆ ಸಿಕ್ಮೇಲೆ ಹಗ್ಗ ಬಿಚ್ಚು ಅನ್ನು. ಅದಕ್ ಮುಂಚೆ ಬ್ಯಾಡ."

ಅಲ್ಲಿಗೇ ಬರುತ್ತಾನಾ ಎಂದು ಅವಳು ಕೇಳಿರಬೇಕು. ಚಿಕ್ಕಪ್ಪ ನೀರಿನ ಕಡೆ ನೋಡಿದ. "ಬುರುಡೆ ಎಲ್ಲಾ ಅಲ್ಲಿಗೇ ಬಂದವ್ವೆ ಕಣಮ್ಮ," ಅಂದ.

ಸೀಟಿಯನ್ನು ಆ ಇಬ್ಬರಿಗೆ ಕೊಟ್ಟು, ಮನೆಗೆ ಓಡಿಬಂದು, ನಾವು ಮೊಪೆಡ್ಡಿನಲ್ಲಿ ಕೆರೆ ಸುತ್ತಿ ಹೊರಟೆವು. ನನ್ನ ಜೀವನದಲ್ಲಿ ಅಷ್ಟು ಉದ್ದದ ದಾರಿ ಇನ್ನೊಂದಿಲ್ಲ. ಹೊಂಗೆ ಸಾಲು ದಾಟಿದ ಮೇಲೆ ದಿಣ್ಣೆ ಅಡ್ಡ ಬಂದು ನೀರು ಕಣ್ಮರೆಯಾಗುತ್ತದೆ. ಏನು ನಡೆಯುತ್ತಿದೆ ಎಂದು ಗೊತ್ತಾಗದು. ಒಮ್ಮೆ ಸೀಟಿಯ ಸದ್ದು ನಿಂತ ಹಾಗಾಯಿತು, ನಾನು ಗಾಡಿ ಇನ್ನೂ ಜೋರು ಮಾಡಿದೆ. ಮದುಗಿರಿ ರಸ್ತೆ ಸೇರುವ ಕಡೆ ಚಿಕ್ಕಪ್ಪ ನನ್ನ ಭುಜ ಜಗ್ಗಿದ. ನಿಲ್ಲಿಸು, ಎರಡೂ ಕಡೆ ನೋಡು ಅಂದ. ತಲೆಯ ಮೇಲೆ ಹೆಲ್ಮೆಟ್ ಬೇರೆ. ಅದನ್ನು ಯಾವಾಗ ಎತ್ತಿಕೊಂಡನೋ ದೇವರೇ ಬಲ್ಲ. ನನಗೆ ಅವನನ್ನು ಅಲ್ಲೇ ಇಳಿಸಿ ಹೋಗುವಷ್ಟು ಸಿಟ್ಟು ಬಂತು. ಆದರೂ ನಿಲ್ಲಿಸಿದೆ. ಜಲ್ಲಿ ತುಂಬಿದ ಲಾರಿಯೊಂದು ತಿರುವಿನಿಂದ ಭರ್ರೆಂದು ಹೋಯಿತು.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅವನ ದನಿ ಬಂತು. "ಒಂದು ಬುರುಡೆ ಸಿಕ್ಲಿಲ್ಲ ಕಣಮ್ಮ."

ನನಗೆ ಅರ್ಥವಾಗಿತ್ತು. ಎಲ್ಲ ಬುರುಡೆಯೂ ತೂಬಿಗೆ ಬಂದಿತ್ತು, ಒಂದು ಬಿಟ್ಟು. ಎಷ್ಟು ಹುಡುಕಿದರೂ ಅದು ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತಾಗಿರಲಿಲ್ಲ. ಅದನ್ನು ಆ ಹುಡುಗಿಗೆ ಹೇಳದೆ, ಹೊತ್ತುಕೊಳ್ಳಲಾಗದೆ, ನನ್ನ ಬೆನ್ನಿಗೆ ಹೇಳಿದ್ದ. ಹೇಳದಿದ್ದರೆ ಚೆನ್ನಾಗಿತ್ತು ಎಂದು ನಾನು ಅಳುತ್ತ ಗಾಡಿ ಓಡಿಸಿದೆ.

ಏರಿ ಹತ್ತಿದಾಗ ಮೊದಲು ಕಂಡಿದ್ದು ದೋಣಿ. ತೂಬಿನ ಕಂಬಕ್ಕೆ ಬಡಿಬಡಿದು ಅದರ ಮೂತಿ ಸೀಳಿಹೋಗಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಚಿಕ್ಕಪ್ಪ ಮುಂದಾಗಿ ಮೆಟ್ಟಿಲಿಳಿದ. ಕಂಬದ ಆಚೆ ಮಗ್ಗುಲಲ್ಲಿ, ಕಡೆಯ ಮೆಟ್ಟಿಲ ಮೇಲೆ, ಗಂಟು ಹಾಕಿದ ಸೀರೆಗಳನ್ನು ಸೊಂಟಕ್ಕೆ ಸುತ್ತಿಕೊಂಡು ತಮ್ಮ ಮಗ್ಗುಲಾಗಿ ಬಿದ್ದಿದ್ದ. ಮೊಣಕೈ, ಮಂಡಿ ಎಲ್ಲ ಕಲ್ಲಿಗೆ ತರಚಿ ರಕ್ತ. ನೀರು ಕಾರುತ್ತಿದ್ದ, ಕೆಮ್ಮುತ್ತಿದ್ದ. ಆ ಹುಡುಗಿ ಸೀರೆಯ ಇನ್ನೊಂದು ತುದಿಯನ್ನು ಮೆಟ್ಟಿಲ ಪಕ್ಕದ ಹುಣಸೆಮರದ ಬೇರಿಗೆ ಕಟ್ಟಿ, ಅದು ಸಾಲದೆಂದು ತಾನೂ ಹಿಡಿದುಕೊಂಡೇ ಕೂತಿದ್ದಳು. ಎಳೆದಾದ ಮೇಲೂ ಬಿಟ್ಟಿರಲಿಲ್ಲ. ಬಿಡಮ್ಮ, ಆಯ್ತು ಎಂದು ಚಿಕ್ಕಪ್ಪ ಅವಳ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಜಾಕೆಟ್ಟು ಬಿಟ್ಟವನು ಹಗ್ಗ ಯಾಕೆ ಕಟ್ಟಿಕೊಂಡಿದ್ದ ಎಂದು ಆಮೇಲೆ ಕೇಳಿದೆವು. ಹೊರಡುವಾಗ ಅವಳು ಫೋನಿನಲ್ಲಿ ಕೇಳಿದಳಂತೆ, ಕಟ್ಟದಿದ್ದರೆ ತೂಬಿನ ಹತ್ತಿರ ಬರುವುದೇ ಇಲ್ಲ ಅಂದಳಂತೆ.

ಅಷ್ಟರಲ್ಲಿ ಸುದ್ದಿ ತಿಳಿದು ಅವಳ ತಾಯಿ ಓಡಿಬಂದಳು. ಪಾವಗಡದ ಗಡಿಯ ಕಡೆಯಿಂದ ಬಂದ ಹೆಂಗಸು, ಗಾಬರಿಯಾದರೆ ಅರ್ಧ ತೆಲುಗು. ಅಳಿಯ ಬದುಕಿದ್ದಾನೆ ಎಂದು ಗೊತ್ತಾದ ಮೇಲೆ ಅವಳಿಗೆ ತಿಂಗಳು ನೆನಪಾಯಿತು. "ಅಯ್ಯೋ ದೇವುಡಾ, ಆಷಾಢಂಲೋ ಅಲ್ಲುಡು ಬಂದ್ಬುಟ್ನಲ್ಲಪ್ಪ," ಎಂದು ಹಣೆ ಚಚ್ಚಿಕೊಂಡಳು. ಮನೆಯ ಹೊಸಿಲು ದಾಟಿಸುವಂತಿಲ್ಲ, ಹಾಗೇ ಬಿಡುವಂತಿಲ್ಲ. ಕೊನೆಗೆ ದನದ ಕೊಟ್ಟಿಗೆಯಲ್ಲಿ ಮಂಚ ಹಾಕಿ ಮಲಗಿಸಿದರು. ಮುದ್ದೆ, ಹುರುಳಿ ಸಾರು ಅಲ್ಲಿಗೇ ಬಂತು. ಹಸುಗಳ ನಡುವೆ ಕಂಬಳಿ ಹೊದ್ದು ನಡುಗುತ್ತ ಕೂತಿದ್ದ ನನ್ನ ತಮ್ಮನ ಬಲಗಾಲಿನ ಹರಡಿನ ಮೇಲೆ, ಹಗ್ಗ ಜಗ್ಗಿದ ಕಡೆ, ಕೆಂಪಗೆ ಒಂದು ಬಳೆ ಎದ್ದಿತ್ತು. ಅವನು ಅದನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ.

ಚಿಕ್ಕಪ್ಪ ಅವನಿಗೆ ಒಂದು ಮಾತೂ ಬೈಯಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಮೂರು ದಿನ ಚಳಿಜ್ವರ ಬಂದು ಮಲಗಿದ್ದ. ಜ್ವರ ಬಿಟ್ಟ ಮೇಲೆ ಫೈಬರ್ ಬಟ್ಟೆ, ಅಂಟು ತರಿಸಿ ದೋಣಿಯ ಮೂತಿ ಕಟ್ಟಲು ಕೂತ. ಪಕ್ಕದಲ್ಲಿ ಕೂತು ಉಜ್ಜುಕಾಗದ ಹಿಡಿದವನು ನನ್ನ ತಮ್ಮ. ಪುಕ್ಕಲು ಪೊಲೀಸ್ ಅನ್ನುವ ಹೆಸರು ಆ ಮೇಲೂ ಹೋಗಲಿಲ್ಲ, ಊರಿನ ನಾಲಿಗೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಆದರೆ ಕಾಲು ಹಿಡಿಸಿಕೊಂಡ ಆ ಹುಡುಗ ಮಾತ್ರ ಅವನನ್ನು ಅಣ್ಣ ಎಂದು ಕರೆಯತೊಡಗಿದ.

ಮಾಘದ ಹೊತ್ತಿಗೆ ಚಿಕ್ಕಪ್ಪನ ಹೃದಯ ಕೈಕೊಟ್ಟಿತು. ತುಮಕೂರಿಗೆ ಕರೆದುಕೊಂಡು ಹೋದೆವು, ಸ್ವಲ್ಪ ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಅಂದರು. ಅವನ ರಕ್ತವನ್ನು ಎಷ್ಟೋ ಸಲ ನಾನೇ ನೋಡಿದ್ದೆ, ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ಕಡೆಯ ದಿನ ಬೆಳಗ್ಗೆ ಚಿಕ್ಕಮ್ಮ ಗಂಜಿ ಕಾಯಿಸಲು ಒಳಗೆ ಹೋಗಿದ್ದಳು. ನಾನು ಕಾಲ ಹತ್ತಿರ ಕೂತಿದ್ದೆ. ಅವನು ಕಣ್ಣು ಬಿಟ್ಟು ಸ್ವಲ್ಪ ಹೊತ್ತು ಸೂರು ನೋಡಿದ.

"ಹೆದ್ರಿಕೆ ಆಯ್ತದೆ ಕಣಮ್ಮ," ಅಂದ.

ಹಂಗಾರೆ ಸರಿ, ಹೊರಡು. ಅವನದೇ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಲಾಗಲಿಲ್ಲ. ಅವನ ಕಾಲಿನ ಬಿಳಿ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತೆ. ಅವನಿಗೆ ಅದು ಕೇಳಿಸಿತೇನೋ, ತುಟಿಯ ಒಂದು ಮಗ್ಗುಲು ನಕ್ಕ ಹಾಗಾಯಿತು. ಬಿಸಿಲು ಜಗಲಿಗೆ ಬರುವಷ್ಟರಲ್ಲಿ ಹೊರಟುಹೋದ.

ನಮ್ಮಲ್ಲಿ ಸತ್ತವರ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟುತ್ತಾರೆ, ಗುಣಿಗೆ ಇಳಿಸುವಾಗ ಬಿಚ್ಚುತ್ತಾರೆ. ಕಟ್ಟಿದ್ದು ಯಾವುದೂ ಮಣ್ಣಿಗೆ ಹೋಗಬಾರದು. ತಮ್ಮ ಎಲ್ಲಿಂದಲೋ ದೋಣಿಯ ಹಗ್ಗ ತಂದು ಚಿಕ್ಕಪ್ಪನ ಹರಡಿಗೆ ಸುತ್ತಿದ್ದ. ಗುಣಿಯ ಹತ್ತಿರ ಹಿರಿಯರು ಅದನ್ನೂ ಬಿಚ್ಚಬೇಕು ಅಂದರು. ಅವನು ಆಗಲ್ಲ ಅಂದ. ಆಮೇಲೆ ಮಂಡಿಯೂರಿ ಬಿಚ್ಚಿದ. ತಂದು ನನ್ನ ಕೈಗೆ ಕೊಟ್ಟ.

ಈಗ ಭಾನುವಾರಗಳಲ್ಲಿ ಬಂಡೆಯ ಮೇಲೆ ನಿಲ್ಲುವವಳು ನಾನು. ಚಿಕ್ಕಮ್ಮನಿಗೆ ವರದಿ ಒಪ್ಪಿಸಿ ಬರುತ್ತೇನೆ. ಮಣ್ಣು ತೂರುತ್ತೇನೆ, ಸೀರೆಯಂಚು ನೋಡುತ್ತೇನೆ, ಜಾಕೆಟ್ಟಿನ ಗುಂಡಿ ಜಗ್ಗುತ್ತೇನೆ. ಹಗ್ಗದ ಕುಣಿಕೆ ಅವನ ಕಾಲಿನ ಅಳತೆಗೇ ಒಗ್ಗಿಹೋಗಿದೆ, ನನ್ನ ಕಾಲಿಗೆ ಇನ್ನೊಂದು ಸುತ್ತು ಬಿಗಿಯಬೇಕು. ಬಿದ್ದರೆ ಎಲ್ಲಿಗೆ ಹೋಗುತ್ತೇನೆ ಎಂದು ಕೇಳಿಕೊಳ್ಳುತ್ತೇನೆ. ಕಳೆದ ಬೇಸಿಗೆಯಲ್ಲಿ ನೀರು ಅರ್ಧಕ್ಕೆ ಇಳಿದಾಗ ನಾನೂ ತಮ್ಮನೂ ಕೆರೆಯ ಸುತ್ತ ಜಾಲಿಯ ಬುಡವೆಲ್ಲ ಹುಡುಕಿದೆವು. ಆ ಒಂದು ಬುರುಡೆ ಇನ್ನೂ ಸಿಕ್ಕಿಲ್ಲ. ಅದು ನೆನಪಾದ ಕೂಡಲೇ ಹೆದರಿಕೆಯಾಗುತ್ತದೆ. ಆಮೇಲೆ ಹೊರಡುತ್ತೇನೆ.